ತಿಂಗಳು ನಿಂತಾಗ

ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ದನಿ ತಗ್ಗಿಸಿ ಆಡುವ ಒಂದು ಮಾತಿದೆ: ‘ನಿಂತೈತಿ.’ ಏನು ನಿಂತಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಕೇಳಿದವರಿಗೆ ತಿಳಿಯುತ್ತದೆ. ಸೊಸೆಯ ಮುಟ್ಟು ನಿಂತಿದೆ ಎಂದರೆ ಅತ್ತೆ ಮೊದಲು ಕೈಮುಗಿಯುವುದು ದೇವರ ಜಗುಲಿಗೆ. ಎರಡು ತಿಂಗಳು ಕಾದು, ಮೂರಕ್ಕೆ ಓಣಿಯ ಒಬ್ಬಿಬ್ಬರ ಕಿವಿಗೆ ಸುದ್ದಿ ಹಾಕುತ್ತಾಳೆ. ಆಮೇಲೊಂದು ಬೆಳಗ್ಗೆ ಸೊಸೆ ಮತ್ತೆ ಮುಟ್ಟಾಗುತ್ತಾಳೆ. ಬಸಿರು ನಿಲ್ಲಲಿಲ್ಲ ಎಂದು ಮನೆಮಂದಿ ಮರುಗುತ್ತಾರೆ. ನಿಂತದ್ದು ಬಸಿರೇ ಆಗಿರಲಿಲ್ಲವೇನೋ ಎಂಬ ಅನುಮಾನ ಬಹುಕಾಲ ಯಾರಿಗೂ ಬರಲಿಲ್ಲ.

ಇಂದು ಇದೇ ಸೀಮೆಯ ಕಾಲೇಜು ಹುಡುಗಿಯರಿಗೆ ‘ಪಿಸಿಓಡಿ’ ಬಾಯಿಗೆ ಹತ್ತಿದ ಶಬ್ದ. ವೈದ್ಯರ ಕಾಗದದಲ್ಲಿ ಅದು ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಅಂಡಾಶಯದಲ್ಲಿ ಸಣ್ಣ ಸಣ್ಣ ಕೋಶಗಳು ಅರ್ಧ ಬೆಳೆದು ನಿಲ್ಲುತ್ತವೆ, ತಿಂಗಳಿಗೊಂದು ಬಲಿತು ಬಿಡುಗಡೆಯಾಗಬೇಕಾದ ಅಂಡ ಹೊರಬರುವುದಿಲ್ಲ, ಅದರಿಂದ ಮುಟ್ಟು ಲೆಕ್ಕ ತಪ್ಪುತ್ತದೆ. ಗಂಡು ಹಾರ್ಮೋನಿನ ಪ್ರಮಾಣ ಹೆಚ್ಚಿ ಗಲ್ಲದ ಮೇಲೆ ಕೂದಲು, ಮೊಡವೆ ಕಾಣಿಸಬಹುದು. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದಿದೆ, ಅವರಲ್ಲಿ 70ರಷ್ಟು ಪಾಲು ಜನಕ್ಕೆ ತಮಗಿದೆ ಎಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೆಸರು ಹೊಸದು. ಅವಸ್ಥೆ ಹಳೆಯದು. ಗೋಕಾಕ, ಹುಕ್ಕೇರಿ ಮತ್ತು 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೂಡಲಗಿ, ಈ ಮೂರರ ನಡುವಿನ ಘಟಪ್ರಭೆಯ ಬಯಲಲ್ಲಿ ಅದು ಯಾವ ಯಾವ ವೇಷದಲ್ಲಿ ಓಡಾಡಿತು ಎಂದು ಹುಡುಕಹೋದರೆ ಹಾದಿ ಆಸ್ಪತ್ರೆಗೆ ಹೋಗುವ ಮುಂಚೆ ಅರಮನೆ, ಗುಡಿ, ನ್ಯಾಯಾಲಯ, ಬಯಲಾಟದ ಅಟ್ಟ ಎಲ್ಲವನ್ನೂ ಸುತ್ತಿ ಬರುತ್ತದೆ.

ಮೊದಲ ಪ್ರಶ್ನೆ: ತಿಂಗಳನ್ನು ಎಣಿಸುತ್ತಿದ್ದವರು ಯಾರು?

1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಬೆಳಗಾವಿ ಸಂಪುಟ ಇಲ್ಲಿನ ಜಾತಿ ಜಾತಿಯ ಉಡುಗೆ, ಊಟ, ಮದುವೆ, ಹೆರಿಗೆಗಳನ್ನು ಸಾಲಾಗಿ ಬರೆದಿಟ್ಟಿದೆ. ಹುಡುಗಿ ಮೈನೆರೆದಾಗ ಮಾಡುವ ಶಾಸ್ತ್ರಗಳೂ ಅದರಲ್ಲಿವೆ. ಮೊದಲ ಮುಟ್ಟು ಊರಿಗೆಲ್ಲ ಸುದ್ದಿ: ಹುಡುಗಿಯನ್ನು ಕೂರಿಸಿ ಆರತಿ ಎತ್ತುವುದು, ಎಳ್ಳು, ಬೆಲ್ಲ, ಕೊಬ್ಬರಿ ತಿನ್ನಿಸುವುದು, ಮದುವೆ ಮೊದಲೇ ಆಗಿದ್ದರೆ ಒಳ್ಳೆಯ ದಿನ ನೋಡಿ ಫಲಶೋಭನ. ಮೊದಲನೆಯದಕ್ಕೆ ಇಷ್ಟು ಸಂಭ್ರಮ, ಅದರ ನಂತರದ ನೂರಾರು ಮುಟ್ಟುಗಳಿಗೆ ‘ಹೊರಗ ಕುಂತಾಳ’ ಎಂಬ ಒಂದೇ ಮಾತು.

ಹೊರಗೆ ಕೂರಿಸುವ ಮನೆಗಳಲ್ಲಿ ಹೆಣ್ಣಿನ ತಿಂಗಳು ಗುಟ್ಟಾಗಿ ಉಳಿಯುವುದಕ್ಕೆ ಸಾಧ್ಯವೇ ಇರಲಿಲ್ಲ. ನೀರು ಸೇದುವವಳು ಬದಲಾದರೆ, ಒಲೆಯ ಮುಂದೆ ಬೇರೆಯವಳು ಕೂತರೆ ಗಂಡಸರಿಗೂ ತಿಳಿಯುತ್ತಿತ್ತು. ಅತ್ತೆಯ ತಲೆಯಲ್ಲಿ ಸೊಸೆಯ ಪೂರ್ತಿ ಪಂಚಾಂಗವೇ ಇರುತ್ತಿತ್ತು. ಲಿಂಗಾಯತರ ಲೆಕ್ಕ ಬೇರೆ. ಶರಣರು ಜಾತಿ, ಜನನ, ಪ್ರೇತ, ಉಚ್ಛಿಷ್ಟಗಳ ಜೊತೆಗೆ ರಜಸ್ಸಿನ ಸೂತಕವನ್ನೂ ತಳ್ಳಿಹಾಕಿದ್ದರು. ಲಿಂಗ ಕಟ್ಟಿಕೊಂಡ ಹೆಣ್ಣಿಗೆ ಮುಟ್ಟಿನ ಮೈಲಿಗೆ ಇಲ್ಲ. ಮಠಗಳು ತುಂಬಿದ ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಆ ಮಾತು ಎಲ್ಲ ಮನೆಗಳಲ್ಲಿ ಪೂರ್ತಿ ನಡೆಯಿತು ಎನ್ನಲಾಗದು. ನಡೆದ ಮನೆಗಳಲ್ಲಿ ಮಾತ್ರ ಒಂದು ವಿಚಿತ್ರ ಫಲ ಸಿಕ್ಕಿತು: ತಿಂಗಳ ಲೆಕ್ಕ ಅತ್ತೆಯ ಕೈ ಬಿಟ್ಟು ಸೊಸೆಯ ಕೈಗೆ ಬಂತು. ತಪ್ಪಿದ ತಿಂಗಳನ್ನು ಸಾರುವುದೋ ಮುಚ್ಚಿಡುವುದೋ ಅವಳ ಇಷ್ಟ. ಸೂತಕ ನಿರಾಕರಣೆಯ ಬಗ್ಗೆ ಬರೆದವರು ದೇವರ ಪೂಜೆಯ ಹಕ್ಕನ್ನು ಹೇಳುತ್ತಾರೆ. ಗುಟ್ಟಿನ ಹಕ್ಕೂ ಅದರ ಜೊತೆಗೇ ಬಂದಿತ್ತು.

ಆದರೂ ಎಣಿಸುವುದಕ್ಕೆ ಆಗ ಹೆಚ್ಚು ತಿಂಗಳುಗಳೇ ಇರಲಿಲ್ಲ. ಮೈನೆರೆಯುವ ಮುಂಚೆಯೇ ಮದುವೆ, ಆಮೇಲೆ ಬಸಿರು, ಬಾಣಂತನ, ಎರಡು ಮೂರು ವರ್ಷ ಮೊಲೆಯೂಡಿಕೆ, ಮತ್ತೆ ಬಸಿರು. ಮೊದಲ ಒಂದೆರಡು ವರ್ಷ ಮುಟ್ಟು ಎಲ್ಲ ಹುಡುಗಿಯರಿಗೂ ಏರುಪೇರಾಗುವುದು ಸಹಜ, ಆ ಏರುಪೇರೆಲ್ಲ ಗಂಡನ ಮನೆಯಲ್ಲೇ ಕಳೆದುಹೋಗುತ್ತಿತ್ತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ 14 ವರ್ಷ ಎಂದಿತು, 1949ರಲ್ಲಿ ಅದು 15 ಆಯಿತು, 1978ರಲ್ಲಿ 18. ಕಾಯ್ದೆ ಕಾಗದದಲ್ಲಿದ್ದಷ್ಟು ಓಣಿಯಲ್ಲಿ ಇರಲಿಲ್ಲ, ಅದು ಬೇರೆ ಮಾತು. ಶಾಲೆಗೆ ಹೋಗುವ, ಮದುವೆಯಾಗದ, ಮುಟ್ಟಾಗುವ ಹುಡುಗಿ ಎಂಬ ಹೊಸ ವ್ಯಕ್ತಿ ಈ ಬಯಲಲ್ಲಿ ಕಾಣಿಸಿಕೊಂಡದ್ದು ಮೂರು ತಲೆಮಾರಿನ ಈಚೆಗೆ. ಬಸಿರಿನ ಆಸೆಯೂ ಅಂಜಿಕೆಯೂ ಇಲ್ಲದೆ ಮುಟ್ಟು ತಪ್ಪುವುದನ್ನು ಬರೀ ಮುಟ್ಟಿನ ಸಮಸ್ಯೆಯಾಗಿ ನೋಡಿದವಳು ಅವಳೇ ಮೊದಲು.

ಅದಕ್ಕೂ ಹಿಂದಿನವರಿಗೆ ಈ ತೊಂದರೆಗಿದ್ದ ಹೆಸರು ಒಂದೇ: ಬಂಜೆತನ.

ಹೊಲಕ್ಕೂ ಹೆಣ್ಣಿಗೂ ಒಂದೇ ನುಡಿಗಟ್ಟಿರುವ ನಾಡಿದು. ಸೀಗಿ ಹುಣ್ಣಿಮೆಗೆ ತೆನೆ ಕಟ್ಟುವ ಬೆಳೆಯನ್ನು ಬಸುರಿಯೆಂದು ಬಗೆದು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ, ಭೂತಾಯಿಗೆ ಉಡಿ ತುಂಬಿ ಚರಗ ಚೆಲ್ಲುತ್ತಾರೆ. ಬಸುರಿ ಸೊಸೆಗೆ ಕುಬಸ ಮಾಡುವ ಕ್ರಮವೂ ಹೆಚ್ಚುಕಡಿಮೆ ಅದೇ. ಚೆಲುವಾದ ಆಚರಣೆ, ನಿಜ. ಆದರೆ ಕೈಯಲ್ಲಿ ಕೂಸಿಲ್ಲದವಳು ಆ ದಿನ ಎಲ್ಲಿ ನಿಲ್ಲುತ್ತಿದ್ದಳು ಎಂದು ಕೇಳಿದರೆ ಬೆಳದಿಂಗಳು ಸ್ವಲ್ಪ ಮಂಕಾಗುತ್ತದೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ತೊಟ್ಟಿಲು ತೂಗುವವಳ ಹೆಮ್ಮೆ ಎಷ್ಟಿದೆಯೋ ಕೂಸಿಲ್ಲದವಳ ಅಳಲೂ ಅಷ್ಟೇ ಆಳವಾಗಿದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದ ಬೆಟಗೇರಿ ಕೃಷ್ಣಶರ್ಮರ ಕವಿತೆಗೆ ಭಾಷೆ ಸಿಕ್ಕಿದ್ದೂ ಇಂಥ ಹೆಂಗಸರ ಬಾಯಿಂದಲೇ.

ಮಕ್ಕಳಿಲ್ಲದ ಕೊರಗು ಬಡವರ ಮನೆಯದಷ್ಟೇ ಆಗಿರಲಿಲ್ಲ. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ತೀರಿಕೊಂಡ. ಸಾಯುವ ಮುನ್ನ ದತ್ತು ತೆಗೆದುಕೊಂಡಿದ್ದ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಶಾಲೆಯ ಮಕ್ಕಳಿಗೂ ಗೊತ್ತು: ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ, ರಾಣಿ ಚೆನ್ನಮ್ಮನ ಹೆಸರು ನಿಂತಿತು. ಮುಂದೆ ನರಗುಂದದ ಬಾಬಾಸಾಹೇಬನಿಗೂ ದತ್ತು ನಿರಾಕರಣೆಯ ಪೆಟ್ಟು ಬಿತ್ತು. 1858ರಲ್ಲಿ ಬಂಡೆದ್ದ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎರಡೂ ಕತೆಗಳನ್ನು ಶೌರ್ಯದ ಕತೆಗಳಾಗಿ ಓದುವುದು ರೂಢಿ. ಅವುಗಳ ಬುಡದಲ್ಲಿ ತುಂಬದ ತೊಟ್ಟಿಲಿತ್ತು.

ದೇಸಾಯರಿಗೆ ದತ್ತು, ಸಾಮಾನ್ಯರಿಗೆ ಸವತಿ. ಬಂಜೆ ಹೆಂಡತಿಯ ಮೇಲೆ ಎಂಟನೆಯ ವರ್ಷ ಇನ್ನೊಬ್ಬಳನ್ನು ತರಬಹುದೆಂದು ಮನುಸ್ಮೃತಿ ಅವಧಿಯನ್ನೇ ಗೊತ್ತುಮಾಡಿತ್ತು. ಹಳ್ಳಿಗಳಲ್ಲಿ ಎಂಟರ ತನಕ ಕಾಯುವ ತಾಳ್ಮೆ ಇದ್ದವರು ಕಡಿಮೆ. ಎಷ್ಟೋ ಸಲ ಆ ಮೊದಲ ಹೆಂಡತಿಯೇ ಮುಂದೆ ನಿಂತು ತನ್ನ ತಂಗಿಯನ್ನು ತಂದುಕೊಳ್ಳುತ್ತಿದ್ದಳು. ಪರಕೀಯಳಿಗಿಂತ ತಂಗಿ ಲೇಸು ಎಂಬ ಲೆಕ್ಕ. ಈ ಸೀಮೆಯ ಅಚ್ಚುಮೆಚ್ಚಿನ ಆಟ ಶ್ರೀಕೃಷ್ಣ ಪಾರಿಜಾತವಾದದ್ದು ಆಕಸ್ಮಿಕವೇ? ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಊರೂರಿಗೆ ಒಯ್ದ ಆ ಆಟದ ಜೀವಾಳ ರುಕ್ಮಿಣಿ ಸತ್ಯಭಾಮೆಯರ ಸವತಿಮತ್ಸರ. ರಾತ್ರಿಯಿಡೀ ಕೂತು ನಕ್ಕ ಹೆಂಗಸರಲ್ಲಿ ಕೆಲವರು ಮನೆಗೆ ಹೋಗಿ ಅದೇ ಆಟವನ್ನು ಹಾಡಿಲ್ಲದೆ ಆಡಬೇಕಿತ್ತು.

1956ರ ನವೆಂಬರಿನವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ಮೈಸೂರಿನ ಹೆಣ್ಣಿಗಿಂತ ಗೋಕಾಕದ ಹೆಣ್ಣಿಗೆ ಒಂದು ರಕ್ಷಣೆ ಮುಂಚೆಯೇ ಸಿಕ್ಕಿತು. ಮುಂಬಯಿ ಸರ್ಕಾರ 1946ರಲ್ಲೇ ಹಿಂದೂ ಗಂಡಸು ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗುವುದನ್ನು ಅಪರಾಧವೆಂದು ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಅದು ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯೊಡನೆ. ಕಾಯ್ದೆಯನ್ನು ಪ್ರಶ್ನಿಸಿದ ನರಸು ಅಪ್ಪಾ ಮಾಳಿ ಪ್ರಕರಣ 1951ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಂದಾಗ ಎದ್ದ ವಾದಗಳಲ್ಲಿ ಒಂದು ನೇರವಾಗಿ ಈ ಪ್ರಬಂಧದ ವಿಷಯಕ್ಕೇ ಸೇರಿದ್ದು: ಹಿಂದೂವಿಗೆ ಪರಲೋಕಕ್ಕೆ ಮಗ ಬೇಕು, ಮಗನಿಗಾಗಿ ಎರಡನೆಯ ಮದುವೆ ಧರ್ಮ. ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಮತ್ತು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಒಪ್ಪಲಿಲ್ಲ. ಮಗನೇ ಬೇಕಿದ್ದರೆ ದತ್ತು ಇದೆಯಲ್ಲ ಎಂಬುದು ಅಲ್ಲಿ ಸಿಕ್ಕ ಉತ್ತರ. ಥ್ಯಾಕರೆ ಕಿತ್ತೂರಿಗೆ ಕೊಡದ ದತ್ತು 127 ವರ್ಷದ ಮೇಲೆ ಹೆಣ್ಣಿನ ಗುರಾಣಿಯಾಗಿ ಬಂತು. ಸವತಿಯರು ನಿಂತರೇ? ಕಾಗದದಲ್ಲಿ ನಿಂತರು.

ಕಾಯ್ದೆ ಮುಟ್ಟದ ಇನ್ನೊಂದು ದಾರಿ ಹರಕೆಯದು. ಗೌಡರ ಮನೆಯಿಂದ ಕೂಲಿಯ ಗುಡಿಸಲಿನವರೆಗೆ ಎಲ್ಲರೂ ಸವದತ್ತಿ ಎಲ್ಲಮ್ಮನಿಗೆ ಬೇಡಿಕೊಂಡವರೇ. ದರ್ಗಾದಲ್ಲಿ ಸಕ್ಕರೆ ಓದಿಸುವುದಕ್ಕೂ ಜಾತಿ ಅಡ್ಡ ಬರಲಿಲ್ಲ. ಇನ್ನೂ ಹಿಂದೆ ಹೋದರೆ ಐಹೊಳೆ ಬಳಿಯ ಸಿದ್ಧನಕೊಳ್ಳದಲ್ಲಿ ಲಜ್ಜಾಗೌರಿಯಿದ್ದಾಳೆ. ತಲೆಯ ಜಾಗದಲ್ಲಿ ತಾವರೆ, ಹೆರುವ ಭಂಗಿಯಲ್ಲಿ ಕಾಲು. ಮಕ್ಕಳು ಬೇಕೆನ್ನುವವರು ಇಂದಿಗೂ ಆ ಕಲ್ಲಿಗೆ ಎಣ್ಣೆ ಹಚ್ಚುತ್ತಾರೆ. ಹೂವು, ಅಂದರೆ ‘ಪುಷ್ಪ’, ಸಂಸ್ಕೃತದಲ್ಲಿ ಮುಟ್ಟಿಗಿರುವ ಹೆಸರೂ ಹೌದು. ಹುಕ್ಕೇರಿಯ ಹೆಸರು ‘ಹೂವಿನ ಕೇರಿ’ಯಿಂದ ಬಂತು, ಬಿಜಾಪುರದ ಬಾದಶಹರಿಗೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತು ಎಂದು ಊರವರು ಹೇಳುವುದನ್ನು ಕೇಳುವಾಗ ಈ ಇನ್ನೊಂದು ಹೂವೂ ನೆನಪಾಗುತ್ತದೆ.

ಹರಕೆ ಯಾವಾಗಲೂ ಉಡಿಯಕ್ಕಿಯಲ್ಲಿ, ಬಣ್ಣದ ತೊಟ್ಟಿಲಲ್ಲಿ ತೀರಲಿಲ್ಲ. ‘ಕೂಸು ಕೊಟ್ಟರೆ ಅದನ್ನ ನಿನಗ ಬಿಡತೀನಿ’ ಎಂದು ಬೇಡಿಕೊಂಡ ದಲಿತ ಕುಟುಂಬಗಳ ಹೆಣ್ಣುಮಕ್ಕಳ ಕೊರಳಿಗೆ ದೇವದಾಸಿಯ ಮುತ್ತು ಕಟ್ಟಲಾಯಿತು. ತಾಯಿ ಪಟ್ಟ ಬಂಜೆತನದ ಅಂಜಿಕೆಯನ್ನು ಮಗಳು ಜೀವಮಾನವಿಡೀ ತೀರಿಸಬೇಕಾಯಿತು. 1934ರಲ್ಲಿ ಮುಂಬಯಿ ಪ್ರಾಂತ, 1982ರಲ್ಲಿ ಕರ್ನಾಟಕ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ತಂದವು. ಕಾಯ್ದೆಗಿಂತ ಹೆಚ್ಚು ಓಡಾಡಿದವರು ಮಾಜಿ ದೇವದಾಸಿಯರೇ. ಅವರೇ ಕಟ್ಟಿ ನಡೆಸುವ ‘ಮಾಸ್’ ಸಂಸ್ಥೆಯ ನೆಲೆ ಘಟಪ್ರಭಾ.

ಇಷ್ಟೆಲ್ಲ ನಡೆಯುವಾಗ ವೈದ್ಯರು ಏನು ಮಾಡುತ್ತಿದ್ದರು?

ಆಯುರ್ವೇದದ ಕಾಶ್ಯಪಸಂಹಿತೆಯಲ್ಲಿ ‘ಪುಷ್ಪಘ್ನೀ’ ಎಂಬ ಹೆಣ್ಣಿನ ವರ್ಣನೆ ಬರುತ್ತದೆ. ಅವಳ ಹೂವು ಫಲ ಕೊಡುವುದಿಲ್ಲ, ಅವಳ ಗಲ್ಲ ದಪ್ಪ, ಗಲ್ಲದ ಮೇಲೆ ರೋಮ. ಗ್ರಂಥ ಇದನ್ನು ರೇವತಿ ಎಂಬ ಗ್ರಹದ ಕಾಟವೆಂದು ಬಗೆಯಿತು. ಕಾರಣ ಏನೇ ಇರಲಿ, ನೋಡಿದ ಕಣ್ಣು ಚುರುಕಾಗಿತ್ತು. ಇಂದಿನ ಆಯುರ್ವೇದ ವಿದ್ವಾಂಸರು ಪಿಸಿಓಎಸ್ ಕುರಿತು ಬರೆಯುವಾಗ ಈ ಸಾಲುಗಳನ್ನು ಬಿಡುವುದಿಲ್ಲ. 1721ರಲ್ಲಿ ಇಟಲಿಯ ವ್ಯಾಲಿಸ್ನೇರಿ ಮದುವೆಯಾಗಿ ಮಕ್ಕಳಾಗದ, ಸ್ವಲ್ಪ ಸ್ಥೂಲಕಾಯದ ಒಬ್ಬ ರೈತ ಹೆಂಗಸಿನ ಅಂಡಾಶಯವನ್ನು ಪಾರಿವಾಳದ ಮೊಟ್ಟೆಯಂತೆ ಬೆಳ್ಳಗೆ, ಹೊಳೆಯುವಂತಿತ್ತು ಎಂದು ಬರೆದ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರ ವೃತ್ತಾಂತ ಪ್ರಕಟಿಸಿದರು: ಅಂಡಾಶಯದ ಒಂದು ತುಂಡನ್ನು ಬೆಣೆಯಾಕಾರವಾಗಿ ಕತ್ತರಿಸಿ ತೆಗೆದರೆ ಏಳೂ ಜನಕ್ಕೆ ಮುಟ್ಟು ಮರಳಿತು, ಇಬ್ಬರು ಬಸುರಾದರು. ರೋಗಕ್ಕೆ ಬಹುದಿನ ಅವರಿಬ್ಬರ ಹೆಸರೇ ಇತ್ತು.

ಷಿಕಾಗೋದ ಸುದ್ದಿ ಇದೇ ಸೀಮೆಯ ಪಾಶ್ಚಾಪುರಕ್ಕೆ ಬರಲು ಹಾದಿ ಉದ್ದ. ಈ ಭಾಗದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮೀರಜ. ವಿಲಿಯಂ ವಾನ್‌ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಅಲ್ಲಿ ಕಟ್ಟಿದ ಆಸ್ಪತ್ರೆಗೆ ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ ಸ್ಟೇಷನ್ನುಗಳಿಂದ ನೇರ ರೈಲು. ಸೇವಾದಳದ ನಾ.ಸು. ಹರ್ಡೀಕರ್ ನೆಲೆಸಿದ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಬೆಳೆಯಿತು, ಆಮೇಲೆ ಸಹಕಾರಿ ಆಸ್ಪತ್ರೆಯೊಂದು, ಅದರ ಜೊತೆಗೆ ಆಯುರ್ವೇದ ಕಾಲೇಜು. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ ತಜ್ಞರು ಮುಂದೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಹೆರಿಗೆಯ ರಕ್ತಸ್ರಾವ ತಡೆಯುವ ಮಾತ್ರೆಯನ್ನು 1620 ಹೆಂಗಸರಲ್ಲಿ ಪರೀಕ್ಷಿಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು, ಜಗತ್ತಿನ ಕಣ್ಣು ಈ ಹಳ್ಳಿಗಳ ಕಡೆ ತಿರುಗಿತು. ಹೆರುವ ಹೆಣ್ಣಿಗೆ ಇಷ್ಟು ವಿಜ್ಞಾನ ಒದಗಿತು. 1885ರಿಂದ ಇರುವ ಗೋಕಾಕ ಮಿಲ್ಲಿನಂಥ ಕಾರ್ಖಾನೆಗಳ ಕೆಲಸಗಾರ್ತಿಯರಿಗೂ 1929ರ ಮುಂಬಯಿ ಹೆರಿಗೆ ಭತ್ಯೆ ಕಾಯ್ದೆ ಇತ್ತು. ಹೆರದವಳ ತಿಂಗಳು ಯಾವ ದಫ್ತರದಲ್ಲೂ ದಾಖಲಾಗಲಿಲ್ಲ.

ಅವಳಿಗೆ ಮಾತ್ರೆ ಬಂದದ್ದು ಕ್ಲೋಮಿಫೀನ್ ರೂಪದಲ್ಲಿ, 1960ರ ದಶಕದ ನಂತರ. ಕತ್ತರಿ ಹಾಕದೆ ಅಂಡ ಬಿಡಿಸುವ ಮದ್ದು ಅದು. ಆಮೇಲಿನ ಲೆಟ್ರೋಜೋಲ್ ಮೂಲತಃ ಸ್ತನ ಕ್ಯಾನ್ಸರಿನ ಔಷಧ; ಬಂಜೆತನಕ್ಕೆ ಅದನ್ನು ಕೊಡಬಾರದೆಂದು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. 2014ರಲ್ಲಿ ಅಮೆರಿಕದ 750 ಹೆಂಗಸರ ಅಧ್ಯಯನ ಕ್ಲೋಮಿಫೀನಿಗಿಂತ ಲೆಟ್ರೋಜೋಲಿನಲ್ಲೇ ಹೆಚ್ಚು ಮಕ್ಕಳು ಹುಟ್ಟುತ್ತವೆ ಎಂದು ತೋರಿಸಿತು, 2017ರಲ್ಲಿ ನಿಷೇಧ ಹೋಯಿತು. ಇಂದು ಪಿಸಿಓಎಸ್ ಇದ್ದು ಮಕ್ಕಳು ಬೇಕೆನ್ನುವವರಿಗೆ ಮೊದಲು ಬರೆಯುವ ಮಾತ್ರೆ ಅದೇ. ಬಹುತೇಕರಿಗೆ ಸ್ವಂತ ಮಕ್ಕಳಾಗುತ್ತವೆ, ಕೆಲವರಿಗೆ ಚಿಕಿತ್ಸೆಯೇ ಬೇಡ. ಮಕ್ಕಳಾಗದ ಜೋಡಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಆ ತಪಾಸಣೆಗೆ ಗಂಡನನ್ನು ಎಬ್ಬಿಸುವುದು ಇಂದಿಗೂ ಮಾತ್ರೆ ಹುಡುಕುವುದಕ್ಕಿಂತ ಕಷ್ಟ.

1980ರ ಸುಮಾರಿಗೆ ಇನ್ನೊಂದು ಎಳೆ ಸಿಕ್ಕಿತು. ಪಿಸಿಓಎಸ್ ಇರುವವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚು, ಮೈ ಅದರ ಮಾತು ಕೇಳುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮುಟ್ಟಿನ ಚೀಟಿಗೆ ಬಂದದ್ದು ಹೀಗೆ. ದಪ್ಪಗಿರುವವರು ತೂಕದ ನೂರರಲ್ಲಿ ಐದು ಹತ್ತು ಪಾಲು ಇಳಿಸಿದರೂ ಎಷ್ಟೋ ಸಲ ಮುಟ್ಟು ಹಾದಿಗೆ ಬರುತ್ತದೆ. ಈ ಉಪದೇಶ ಕಬ್ಬಿನ ನಾಡಿನಲ್ಲಿ ಕೇಳುವುದಕ್ಕೆ ಒಂದು ತಮಾಷೆಯಿದೆ. 1897ರ ಧೂಪದಾಳ ಒಡ್ಡು, 1977ರ ಹಿಡಕಲ್ ಜಲಾಶಯ ಜೋಳದ ಹೊಲಗಳಿಗೆ ನೀರು ಹರಿಸಿದವು, ಹೊಲಕ್ಕೆ ಕಬ್ಬು ಬಂತು, ಸಂಕೇಶ್ವರದಿಂದ ಗೋಕಾಕದವರೆಗೆ ಸಕ್ಕರೆ ಕಾರ್ಖಾನೆಗಳು ಎದ್ದವು. ಗೋಕಾಕದ ಕರದಂಟನ್ನೇ ನೋಡಿ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ. ಹೆತ್ತು ಸೊರಗಿದವಳ ಸೊಂಟ ಗಟ್ಟಿಯಾಗಲೆಂದು ಅಂಟಿನುಂಡಿ, ಅಳವಿಯ ಪಾಯಸಗಳ ಸಾಲಿನಲ್ಲಿ ಬಂದ ತಿನಿಸು. ಬಾಣಂತಿಯ ಕೋಣೆಯಿಂದ ಹೊರಬಂದು ಈಗ ಅದು ವರ್ಷವಿಡೀ ಡಬ್ಬಿಯಲ್ಲಿ ಮಾರಾಟಕ್ಕಿದೆ, ಬಾಣಂತಿಯಾಗಲು ಹಂಬಲಿಸುವವಳಿಗೆ ವೈದ್ಯರು ಬೇಡವೆನ್ನುವ ಪಟ್ಟಿಯಲ್ಲೂ ಇದೆ.

ಸ್ಕ್ಯಾನಿಂಗ್ ಯಂತ್ರ ಬಂದ ಮೇಲೆ ಹೊಸ ತೊಡಕು ಹುಟ್ಟಿತು. ಹದಿಹರೆಯದವರ ಅಂಡಾಶಯದಲ್ಲಿ ಸಹಜವಾಗಿಯೇ ಕೋಶಗಳು ಹೆಚ್ಚು. ಮೈನೆರೆದು ಎಂಟು ವರ್ಷ ಆಗುವವರೆಗೆ ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಎನ್ನಬಾರದು ಎಂದು 2018 ಮತ್ತು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಆದರೂ ಹದಿನಾರರ ಹುಡುಗಿಯ ರಿಪೋರ್ಟಿನಲ್ಲಿ ಆ ನಾಲ್ಕಕ್ಷರ ಕಂಡರೆ ತಾಯಿಯ ಎದೆ ಒಡೆಯುತ್ತದೆ: ಮುಂದ ಮದುವಿ ಹ್ಯಾಂಗ? ಹಿಂದೆ ಮದುವೆಯಾಗಿ ಏಳೆಂಟು ವರ್ಷಕ್ಕೆ ಬೀಳುತ್ತಿದ್ದ ಬಂಜೆ ಎಂಬ ಹೆಸರು ಈಗ ಮದುವೆಗೆ ಏಳೆಂಟು ವರ್ಷ ಮುಂಚೆಯೇ ಬಾಗಿಲು ತಟ್ಟುತ್ತದೆ. ಇದರ ಇನ್ನೊಂದು ತುದಿ ಇನ್ನೂ ಕ್ರೂರ. ಮುಟ್ಟಿನ ರಗಳೆಗೆ ಗರ್ಭಕೋಶವನ್ನೇ ತೆಗೆಸಿಬಿಡುವ ದಂಧೆ ಕಲಬುರಗಿಯ ತಾಂಡಾಗಳಲ್ಲೂ, ಕಬ್ಬು ಕಡಿಯಲು ಗುಳೆ ಹೋಗುವ ಮಹಾರಾಷ್ಟ್ರದ ಬೀಡ ಜಿಲ್ಲೆಯ ಹೆಂಗಸರಲ್ಲೂ ಕಳೆದ ದಶಕದಲ್ಲಿ ಬಯಲಾಯಿತು. ನಿಜಕ್ಕೂ ತಜ್ಞರು ಹೇಳುವುದು ಸರಳ: 21ರಿಂದ 35 ದಿನದ ಸುತ್ತು ಸರಿ, ವರ್ಷಕ್ಕೆ ಎಂಟು ಮುಟ್ಟಿಗಿಂತ ಕಡಿಮೆಯಾದರೆ ಅಥವಾ ಮೂರು ತಿಂಗಳು ಮೀರಿದರೆ ತೋರಿಸಬೇಕು; ಬಸಿರು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮೊದಲು ನೋಡಬೇಕು; ಮಕ್ಕಳು ಈಗ ಬೇಡವಾದರೂ ಗರ್ಭಕೋಶದ ಒಳಪದರ ದಪ್ಪಗಟ್ಟದಂತೆ ಆಗಾಗ ಮುಟ್ಟು ತರಿಸಬೇಕು.

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ, ತಿಂಗಳಿಗೆ ಒಂದರಂತೆ, ಸಂಬಳಸಹಿತ ಮುಟ್ಟಿನ ರಜೆಯನ್ನು ಒಪ್ಪಿತು. ಹನ್ನೆರಡು ಸಲ ಮುಟ್ಟಾಗದವಳೂ ಇದ್ದಾಳೆ ಎಂಬುದು ಆ ಲೆಕ್ಕದಲ್ಲಿ ಇದ್ದಂತಿಲ್ಲ. ಆಸ್ಪತ್ರೆಗಳಲ್ಲಿ ಮಾತ್ರ ಮೊದಲ ಪ್ರಶ್ನೆ ಅದೇ: ಕೊನೆಯ ಮುಟ್ಟು ಯಾವ ತಾರೀಕು? ಮೊಮ್ಮಗಳು ಮೊಬೈಲ್ ತೆಗೆದು ಬೆರಳಾಡಿಸುತ್ತಾಳೆ. ಜೊತೆಗೆ ಬಂದ ಅಜ್ಜಿ ಅಷ್ಟರಲ್ಲಿ ಉತ್ತರ ಹೇಳಿಬಿಟ್ಟಿರುತ್ತಾಳೆ, ‘ಸೀಗಿ ಹುಣ್ಣಿವಿ ಮುಂದ ಎರಡ ದಿನ ಇತ್ರೀ,’ ಮತ್ತು ವೈದ್ಯೆ ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದಕ್ಕೆ ಮಗುಚುತ್ತಾಳೆ.